ಸ್ಕೋರ್‌ಬೋರ್ಡಿನಲ್ಲಿ ತಪ್ಪಿಗೂ ಒಂದು ಕಾಲಮ್

ಮೂರನೇ ಸೆಮಿಸ್ಟರಿನ ಸ್ಟಾಟಿಸ್ಟಿಕ್ಸ್ ಮಿನಿ ಪ್ರಾಜೆಕ್ಟಿಗೆ ನಮಗೆ ಬೇಕಾಗಿದ್ದು ಒಂದು ದೊಡ್ಡ ಡೇಟಾಸೆಟ್, ಅಷ್ಟೇ. ಕ್ರಿಕೆಟ್ ತಗೊಳ್ಳೋಣ ಅಂದ್ರೆ ಆಗಲೇ ಅರ್ಧ ಕ್ಲಾಸು ಐಪಿಎಲ್ ಡೇಟಾ ಹಿಡ್ಕೊಂಡು ಕೂತಿತ್ತು. ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಲಾಹ್ಮನ್ ಡೇಟಾಬೇಸ್. 1871ರಿಂದ ಅಮೆರಿಕದ ದೊಡ್ಡ ಲೀಗುಗಳಲ್ಲಿ ಬೇಸ್‌ಬಾಲ್ ಆಡಿದ ಪ್ರತಿಯೊಬ್ಬನ ಪ್ರತಿ ಸೀಸನ್ನಿನ ಲೆಕ್ಕ ಅದರಲ್ಲಿದೆ. ನಾವು ನಾಲ್ಕು ಜನ, ನಾಲ್ಕೂ ಜನ ಬದುಕಿನಲ್ಲಿ ಒಂದು ಬೇಸ್‌ಬಾಲ್ ಮ್ಯಾಚ್ ಪೂರ್ತಿ ನೋಡಿದವರಲ್ಲ. ಫೀಲ್ಡಿಂಗ್ ಟೇಬಲಿನಲ್ಲಿ ‘ಇ’ ಅಂತ ಒಂದು ಕಾಲಮ್ ಇತ್ತು. ಇ ಅಂದ್ರೆ ಎರರ್, ಡೇಟಾ ಎಂಟ್ರಿಯಲ್ಲಿ ಆದ ತಪ್ಪಿನ ಲೆಕ್ಕ ಇರಬೇಕು, ನಮಗೇನು ಬೇಡ ಅಂತ ನಾಲ್ಕೂ ಜನ ಒಪ್ಪಿ ಆ ಕಾಲಮ್ಮನ್ನು ಡಿಲೀಟ್ ಮಾಡಿದ್ವಿ. ಕೀಬೋರ್ಡ್ ಮುಂದೆ ಕೂತಿದ್ದವನು ನಮ್ಮಲ್ಲೊಬ್ಬ.

ರಿವ್ಯೂ ದಿನ ಮೇಡಂ ಕೇಳಿದ ಮೊದಲ ಪ್ರಶ್ನೆ, “ಫೀಲ್ಡಿಂಗ್ ಅನಾಲಿಸಿಸ್ ಅಂತೀರ, ಎರರ್ ಕಾಲಮ್ ಎಲ್ಲಿ?” ಉತ್ತರ ಇರಲಿಲ್ಲ. ಮಾರ್ಕ್ಸ್ ಹೋಯ್ತು. ಅವತ್ತು ಸಂಜೆಯಿಂದ ಕೀಬೋರ್ಡ್ ಮುಂದೆ ಕೂತಿದ್ದವನ ಹೆಸರು ‘ಡ್ರಾಪ್’ ಅಂತ ಆಯ್ತು. ಹಾಸ್ಟೆಲ್ಲಿನಲ್ಲಿ ಹೆಸರು ಬಿದ್ರೆ ಗೊತ್ತಲ್ಲ, ಡಿಗ್ರಿ ಸರ್ಟಿಫಿಕೇಟ್ ತಗೊಳ್ಳೋವರೆಗೂ ಅಂಟ್ಕೊಂಡಿರುತ್ತೆ.

ಆಮೇಲೆ ಕುತೂಹಲಕ್ಕೆ ಆ ಕಾಲಮ್ಮಿನ ಹಿಂದೆ ಹೋದ್ವಿ. ಹೋದವರು ಎರಡು ವಾರ ವಾಪಸ್ ಬರಲಿಲ್ಲ. ಅದರ ಫಲ ಈ ಲೇಖನ.

ಬೇಸ್‌ಬಾಲ್ ಸ್ಕೋರ್‌ಬೋರ್ಡಿನ ಬಲತುದಿಯಲ್ಲಿ ಮೂರು ಅಕ್ಷರ ಇರುತ್ತೆ: ಆರ್, ಎಚ್, ಇ. ರನ್ನುಗಳು, ಹಿಟ್ಟುಗಳು, ಎರರ್‌ಗಳು. ಸಾಮಾನ್ಯ ಫೀಲ್ಡರ್ ಸುಲಭವಾಗಿ ಹಿಡೀಬಹುದಾಗಿದ್ದ ಬಾಲನ್ನು ಬಿಟ್ರೆ, ಇಲ್ಲಾ ಅಡ್ಡಾದಿಡ್ಡಿ ಎಸೆದು ಎದುರಾಳಿಯನ್ನು ಮುಂದಕ್ಕೆ ಬಿಟ್ರೆ, ಅದು ಎರರ್. ಅದನ್ನು ತೀರ್ಮಾನ ಮಾಡೋದಕ್ಕೆ ಮ್ಯಾಚಿಗೊಬ್ಬ ಅಧಿಕೃತ ಸ್ಕೋರರ್ ಇರ್ತಾನೆ. ತೀರ್ಮಾನ ಆದ ತಕ್ಷಣ ತಂಡದ ಲೆಕ್ಕಕ್ಕೂ ಆ ಆಟಗಾರನ ಹೆಸರಿನ ಲೆಕ್ಕಕ್ಕೂ ಒಂದೊಂದು ಸೇರುತ್ತೆ. ಮೈದಾನದಲ್ಲಿ ಕೂತ ಸಾವಿರಾರು ಜನರ ಕಣ್ಣೆದುರಿಗೆ ಸೊನ್ನೆ ಹೋಗಿ ಒಂದು ಆಗುತ್ತೆ.

ನಮ್ಮ ಕ್ರಿಕೆಟ್ ಸ್ಕೋರ್‌ಕಾರ್ಡ್ ನೆನಪು ಮಾಡ್ಕೊಳ್ಳಿ. ಕೈಗೆ ಬಂದ ಕ್ಯಾಚನ್ನು ಸ್ಲಿಪ್ಪಿನವನು ನೆಲಕ್ಕೆ ಹಾಕಿದ, ಬ್ಯಾಟ್ಸ್‌ಮನ್ ಆಮೇಲೆ ಇನ್ನೂರು ಹೊಡೆದ. ಮಾರನೇ ದಿನ ಪೇಪರಿನ ಸ್ಕೋರ್‌ಕಾರ್ಡಿನಲ್ಲಿ ಆ ಕ್ಯಾಚ್ ಎಲ್ಲೂ ಇರಲ್ಲ. ಬೈ ಹೋದ ರನ್ ಕೂಡ ಎಕ್ಸ್‌ಟ್ರಾ ಅನ್ನೋ ಅನಾಥ ಖಾತೆಗೆ ಹೋಗುತ್ತೇ ಹೊರತು ಕೀಪರ್ ಹೆಸರಿಗಲ್ಲ. ಕ್ರಿಕೆಟ್ ಬೈಯೋದನ್ನು ಕಾಮೆಂಟರಿಯವರಿಗೂ ನಮಗೂ ಬಿಟ್ಟಿದೆ. ಬೇಸ್‌ಬಾಲ್ ಬರೆದಿಡುತ್ತೆ. ತಮಾಷೆ ಅಂದ್ರೆ ಬೇಸ್‌ಬಾಲಿನ ಈ ಲೆಕ್ಕದ ಪುಸ್ತಕವನ್ನು ರೂಪಿಸಿದ್ದು ಕ್ರಿಕೆಟ್ ವರದಿಗಾರನೇ. ಹೆನ್ರಿ ಚಾಡ್‌ವಿಕ್ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ಬರೀತಾ ಬರೀತಾ ಬೇಸ್‌ಬಾಲಿಗೆ ಮನಸೋತ. ಒಂದು ಇಡೀ ಮ್ಯಾಚನ್ನು ಅಂಗೈಯಗಲದ ಟೇಬಲಿನಲ್ಲಿ ಹಿಡಿಸುವ ಬಾಕ್ಸ್ ಸ್ಕೋರನ್ನು ಬೆಳೆಸಿದವನು ಅವನೇ. ಸ್ಟ್ರೈಕ್‌ಔಟಿಗೆ ಇವತ್ತಿಗೂ ಹಾಕೋ ‘ಕೆ’ ಅಕ್ಷರವೂ ಅವನದೇ ಅಂತಾರೆ. 1908ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಏನಾಯ್ತು ಅನ್ನೋದು ನಮ್ಮ ಮೊದಲ ಕಥೆ.

ಅದಕ್ಕೆ ಮುಂಚೆ ಒಂದು ರೂಲ್ ಹೇಳಿಬಿಡ್ತೀವಿ, ಇಲ್ಲದಿದ್ರೆ ಏನೂ ಅರ್ಥ ಆಗಲ್ಲ. ಮೈದಾನದಲ್ಲಿ ಚೌಕಾಕಾರದಲ್ಲಿ ನಾಲ್ಕು ಬೇಸ್, ಒಂದರಿಂದ ಇನ್ನೊಂದಕ್ಕೆ 90 ಅಡಿ. ಬ್ಯಾಟರ್ ಹೋಮ್‌ನಿಂದ ಹೊರಟು ಫಸ್ಟ್, ಸೆಕೆಂಡ್, ಥರ್ಡ್ ಮುಟ್ಟಿ ಮತ್ತೆ ಹೋಮ್ ಸೇರಿದ್ರೆ ಒಂದು ರನ್. ಮೂರು ಜನ ಔಟಾದ್ರೆ ಆ ಸರದಿ ಮುಗೀತು. ಒಂಬತ್ತು ಸರದಿ, ಅಂದ್ರೆ ಒಂದು ತಂಡಕ್ಕೆ 27 ಔಟ್. ಈಗ, ಒಬ್ಬ ಫಸ್ಟ್ ಬೇಸಿನಲ್ಲಿ ನಿಂತಿದ್ದಾನೆ, ಹೊಸ ಬ್ಯಾಟರ್ ಬಾಲ್ ಹೊಡೆದು ಫಸ್ಟ್ ಕಡೆ ಓಡಿ ಬರ್ತಾ ಇದ್ದಾನೆ. ಒಂದು ಬೇಸಿನಲ್ಲಿ ಇಬ್ಬರು ಇರೋ ಹಾಗಿಲ್ಲ. ಹಾಗಾಗಿ ಮೊದಲಿನವನು ಸೆಕೆಂಡಿಗೆ ಹೋಗಲೇಬೇಕು. ಅವನು ಸೇರೋ ಮುಂಚೆ ಬಾಲ್ ಹಿಡಿದ ಫೀಲ್ಡರ್ ಸೆಕೆಂಡ್ ಬೇಸ್ ಮುಟ್ಟಿದ್ರೆ ಅವನು ಔಟ್. ಮೂರನೇ ಔಟ್ ಹೀಗೆ ಆದ್ರೆ, ಆ ಹೊಡೆತಕ್ಕೆ ಇನ್ಯಾರೋ ಹೋಮ್ ಮುಟ್ಟಿದ್ದರೂ ರನ್ ಲೆಕ್ಕಕ್ಕಿಲ್ಲ. ಇಷ್ಟು ಸಾಕು.

1908, ಸೆಪ್ಟೆಂಬರ್ 23. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್. ನ್ಯೂಯಾರ್ಕ್ ಜೈಂಟ್ಸ್ ಮತ್ತು ಶಿಕಾಗೊ ಕಬ್ಸ್, ಎರಡೂ ಲೀಗಿನ ತುದಿಯಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತಿದ್ದ ತಂಡಗಳು. ಜೈಂಟ್ಸಿನ ರೆಗ್ಯುಲರ್ ಫಸ್ಟ್ ಬೇಸ್‌ಮನ್‌ಗೆ ಸೊಂಟನೋವು, ಅವನ ಜಾಗದಲ್ಲಿ ಫ್ರೆಡ್ ಮರ್ಕಲ್ ಅನ್ನೋ ಹುಡುಗ. ವಯಸ್ಸು 19. ಹೌದು, ನಮ್ಮ ವಯಸ್ಸು. ಕೊನೆಯ ಸರದಿ, ಸ್ಕೋರ್ 1-1, ಎರಡು ಔಟ್ ಆಗಿದೆ. ಮರ್ಕಲ್ ಒಂದು ಒಳ್ಳೆ ಹೊಡೆತ ಹೊಡೆದು ಫಸ್ಟ್ ಸೇರಿದ, ಮೊದಲು ಅಲ್ಲಿದ್ದ ಮೆಕಾರ್ಮಿಕ್ ಥರ್ಡ್ ತನಕ ಹೋದ. ಮುಂದಿನವನು ಅಲ್ ಬ್ರಿಡ್‌ವೆಲ್ ನೇರವಾಗಿ ಮಧ್ಯದಲ್ಲಿ ಹೊಡೆದ. ಮೆಕಾರ್ಮಿಕ್ ಹೋಮ್ ಮುಟ್ಟಿದ. ಗೆದ್ದಾಯ್ತು! ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದ್ರು. ಮರ್ಕಲ್ ಫಸ್ಟಿನಿಂದ ಸೆಕೆಂಡ್ ಕಡೆ ಅರ್ಧ ದಾರಿ ಓಡಿದವನು, ಜನ ಬರೋದು ನೋಡಿ ತಿರುಗಿ ಕ್ಲಬ್‌ಹೌಸ್ ಕಡೆ ಓಡಿದ.

ಇಲ್ಲಿ ಗಮನಿಸಬೇಕಾದ್ದು, ಆ ಕಾಲದಲ್ಲಿ ಎಲ್ಲರೂ ಮಾಡ್ತಾ ಇದ್ದಿದ್ದೇ ಅದು. ಗೆಲುವಿನ ರನ್ ಬಂದ ಮೇಲೆ ಸೆಕೆಂಡ್ ಬೇಸ್ ಮುಟ್ಟೋಕೆ ಯಾರು ಹೋಗ್ತಾರೆ? ರೂಲ್‌ಬುಕ್ಕಿನಲ್ಲಿ ಇತ್ತು, ಮೈದಾನದಲ್ಲಿ ಇರಲಿಲ್ಲ. ಲ್ಯಾಬ್ ಮ್ಯಾನುಅಲಿನ ಸೇಫ್ಟಿ ಪುಟ ಇದ್ದ ಹಾಗೆ. ಆದ್ರೆ ಕಬ್ಸಿನಲ್ಲಿ ಜಾನಿ ಎವರ್ಸ್ ಅಂತ ಒಬ್ಬನಿದ್ದ, ಆ ಪುಟವನ್ನು ಓದಿದ್ದವನು. ಮೂರು ವಾರ ಮುಂಚೆ, ಸೆಪ್ಟೆಂಬರ್ 4ರಂದು, ಪಿಟ್ಸ್‌ಬರ್ಗ್ ವಿರುದ್ಧ ಇದೇ ಥರ ಆದಾಗ ಅವನು ಅಪೀಲ್ ಮಾಡಿದ್ದ. ಅಂಪೈರ್ ಹ್ಯಾಂಕ್ ಓಡೇ, ನಾನು ನೋಡಲಿಲ್ಲ ಅಂತ ತಳ್ಳಿಹಾಕಿದ್ದ. ಈಗ ಪೋಲೊ ಗ್ರೌಂಡ್ಸಿನಲ್ಲೂ ಅದೇ ಓಡೇ ಅಂಪೈರ್! ಎವರ್ಸ್ ಬಾಲಿಗೆ ಕಿರುಚಿದ, ಜನಜಂಗುಳಿಯ ಮಧ್ಯೆ ಒಂದು ಬಾಲ್ ಹೇಗೋ ಅವನ ಕೈಗೆ ಬಂತು, ಬೇಸ್ ಮುಟ್ಟಿದ. ಅದು ಅದೇ ಬಾಲಾ, ಬೇರೆ ಯಾವುದೋ ಬಾಲಾ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಓಡೇ ಈ ಸಲ ನೋಡಿದ್ದ. ಮರ್ಕಲ್ ಔಟ್, ರನ್ ಇಲ್ಲ, ಮ್ಯಾಚ್ ಟೈ.

ಸೀಸನ್ ಮುಗಿದಾಗ ಎರಡೂ ತಂಡ ಸಮಸಮ. ಆ ಟೈ ಆದ ಮ್ಯಾಚನ್ನು ಅಕ್ಟೋಬರ್ 8ಕ್ಕೆ ಮತ್ತೆ ಆಡಿಸಿದ್ರು. ಕಬ್ಸ್ 4-2ರಿಂದ ಗೆದ್ದು, ಆಮೇಲೆ ವರ್ಲ್ಡ್ ಸೀರೀಸೂ ಗೆದ್ದಿತು. (ಅದಾದ ಮೇಲೆ ಕಬ್ಸ್ ಮತ್ತೆ ಗೆದ್ದಿದ್ದು 2016ರಲ್ಲಿ, 108 ವರ್ಷ ಬಿಟ್ಟು. ಮರ್ಕಲ್‌ನ ಶಾಪ ಅಂತ ಕೆಲವರು ಅಂತಾರೆ, ನಾವು ಇಂಜಿನಿಯರಿಂಗ್ ಓದ್ತಾ ಇರೋದ್ರಿಂದ ಕಾಮೆಂಟ್ ಮಾಡಲ್ಲ.)

ಹುಡುಗನಿಗೆ ಹೆಸರು ಬಿತ್ತು: ‘ಬೋನ್‌ಹೆಡ್’ ಮರ್ಕಲ್. ಮರದ ತಲೆ ಅನ್ನಬಹುದು. ಅವನ ಮ್ಯಾನೇಜರ್ ಜಾನ್ ಮೆಗ್ರಾ, ಇಡೀ ಲೀಗಿನಲ್ಲಿ ಬಾಯಿ ಜೋರಿಗೆ ಹೆಸರಾದವನು, ಅವನನ್ನು ಒಂದು ದಿನವೂ ದೂರಲಿಲ್ಲ. ಸಂಬಳ ಜಾಸ್ತಿ ಮಾಡಿ ತಂಡದಲ್ಲೇ ಉಳಿಸಿಕೊಂಡ. ಮರ್ಕಲ್ ಮುಂದೆ ಐದು ವರ್ಲ್ಡ್ ಸೀರೀಸ್‌ಗಳಲ್ಲಿ ಆಡಿದ. ಐದರಲ್ಲೂ ಅವನ ತಂಡ ಸೋತಿತು, ಪಾಪ. ಆದ್ರೂ ಐದು ಸಲ ಅಲ್ಲಿಗೆ ಹೋಗೋ ತಂಡದ ಆಟಗಾರ ಮರದ ತಲೆಯವನಾಗಿರೋಕೆ ಸಾಧ್ಯಾನಾ? ಹೆಸರು ಮಾತ್ರ ಹೋಗಲಿಲ್ಲ. ಆಟ ಬಿಟ್ಟ ಮೇಲೆ ವರ್ಷಗಟ್ಟಲೆ ಬೇಸ್‌ಬಾಲ್ ಮೈದಾನದ ಕಡೆ ತಲೆ ಹಾಕಲಿಲ್ಲ. ಕೊನೆಗೆ 1950ರಲ್ಲಿ ಜೈಂಟ್ಸ್ ಹಳೇ ಆಟಗಾರರನ್ನೆಲ್ಲ ಕರೆದಾಗ ಬಂದ. ಜನ ಜೋರಾಗಿ ಚಪ್ಪಾಳೆ ತಟ್ಟಿದ್ರು. ನಲವತ್ತೆರಡು ವರ್ಷ ಆಗಿತ್ತು.

ಇದನ್ನು ಓದಿದ ರಾತ್ರಿ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಯಾರನ್ನೂ ‘ಡ್ರಾಪ್’ ಅಂತ ಕರೀಲಿಲ್ಲ. ಆ ಕಾಲಮ್ ಬೇಡ ಅಂದಿದ್ದು ನಾಲ್ಕು ಬಾಯಿ, ಬಟನ್ ಒತ್ತಿದ್ದು ಒಂದೇ ಬೆರಳು. ಬೆಳಿಗ್ಗೆ ಮೆಸ್ಸಿನಲ್ಲಿ ಮತ್ತೆ ಶುರುವಾಯ್ತು ಅನ್ನೋದು ಬೇರೆ ವಿಷಯ.

ಎರಡನೇ ಕಥೆ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರೋದು, ಅದಕ್ಕೇ ಎಲ್ಲರೂ ಅರ್ಧ ಮಾತ್ರ ಹೇಳೋದು. ಬಿಲ್ ಬಕ್ನರ್, ಬಾಸ್ಟನ್ ರೆಡ್ ಸಾಕ್ಸ್. ಬಾಸ್ಟನ್ 1918ರಿಂದ ಒಂದೂ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. (ಆರ್‌ಸಿಬಿಯವರಿಗೆ ಈ ನೋವನ್ನು ವಿವರಿಸಬೇಕಿಲ್ಲ.) 1986ರ ಅಕ್ಟೋಬರ್ 25, ಆರನೇ ಮ್ಯಾಚ್, ನ್ಯೂಯಾರ್ಕ್ ಮೆಟ್ಸ್ ವಿರುದ್ಧ. ಗೆದ್ರೆ ಸೀರೀಸ್ ಗೆದ್ದ ಹಾಗೆ. ಹತ್ತನೇ ಸರದಿ, ಬಾಸ್ಟನ್ 5-3 ಮುಂದೆ, ಮೆಟ್ಸಿನ ಇಬ್ಬರು ಔಟ್, ಬೇಸಿನಲ್ಲಿ ಯಾರೂ ಇಲ್ಲ. ಶೇ ಸ್ಟೇಡಿಯಮ್ಮಿನ ಬೋರ್ಡಿನಲ್ಲಿ ಬಾಸ್ಟನ್‌ಗೆ ಅಭಿನಂದನೆ ಒಂದು ಕ್ಷಣ ಮಿಂಚಿ ಹೋಯಿತು. ಆಮೇಲೆ ಒಂದು ಹಿಟ್, ಎರಡು ಹಿಟ್, ಮೂರು ಹಿಟ್. 5-4. ಬಾಸ್ಟನ್ನಿನ ಪಿಚರ್ ಎಸೆದ ಬಾಲ್ ಒಂದು ಕ್ಯಾಚರ್‌ಗೂ ಸಿಗದೆ ಹೋಯ್ತು. 5-5. ಆಮೇಲೆ ಮೂಕಿ ವಿಲ್ಸನ್ ಹೊಡೆದ ಬಾಲ್ ನೆಲದ ಮೇಲೆ ಪುಟಿಯುತ್ತಾ ಫಸ್ಟ್ ಬೇಸ್ ಕಡೆ ಬಂತು. ಅಲ್ಲಿ ಬಕ್ನರ್ ಬಗ್ಗಿದ. ಬಾಲ್ ಅವನ ಎರಡು ಕಾಲಿನ ಮಧ್ಯೆ ತೂರಿ ಹಿಂದೆ ಹೋಯಿತು. ರೇ ನೈಟ್ ಓಡಿಬಂದು ಹೋಮ್ ಮುಟ್ಟಿದ. 6-5.

ಎರಡು ದಿನ ಬಿಟ್ಟು ಏಳನೇ ಮ್ಯಾಚನ್ನೂ ಬಾಸ್ಟನ್ ಸೋತಿತು. ಆದ್ರೆ ಸ್ಕೋರ್ ಇನ್ನೊಂದು ಸಲ ನೋಡಿ. ಬಾಲ್ ಬಕ್ನರ್ ಹತ್ತಿರ ಬರೋ ಹೊತ್ತಿಗೆ ಸ್ಕೋರ್ ಆಗಲೇ ಸಮ ಆಗಿತ್ತು. ಅವನು ಹಿಡಿದಿದ್ರೂ ಹೆಚ್ಚಂದ್ರೆ ಹನ್ನೊಂದನೇ ಸರದಿ ಆಡಬೇಕಿತ್ತು. ಏಳನೇ ಮ್ಯಾಚಿನಲ್ಲಿ ಬಾಸ್ಟನ್ 3-0 ಮುಂದಿದ್ದೂ ಸೋತಿತು. ಬಕ್ನರ್‌ನ ಕಣಕಾಲು ಆಗಲೇ ಪೂರ್ತಿ ಕೆಟ್ಟಿತ್ತು, ಕುಂಟ್ತಾ ಆಡ್ತಾ ಇದ್ದ. ಗೆಲ್ಲೋ ಹೊತ್ತಿನಲ್ಲಿ ಸಾಮಾನ್ಯವಾಗಿ ಅವನನ್ನು ಹೊರಗೆ ಕರೆದು ಬೇರೆ ಫೀಲ್ಡರ್ ಹಾಕ್ತಿದ್ರು, ಅವತ್ತು ಮ್ಯಾನೇಜರ್ ಹಾಕಲಿಲ್ಲ. ಅಂದ್ರೆ ಬೋಲ್ಟ್ ಮುರಿದಿದ್ದು ಕೊನೆಗೆ, ಸೇತುವೆ ಬೀಳೋಕೆ ಶುರುವಾಗಿದ್ದು ಮೊದಲೇ. ಫೇಲ್ಯೂರ್ ಅನಾಲಿಸಿಸ್ ಕ್ಲಾಸಿನಲ್ಲಿ ಕೊನೆಯ ಬೋಲ್ಟ್ ಮಾತ್ರ ಬರೆದ್ರೆ ನಮಗೆ ಸೊನ್ನೆ ಕೊಡ್ತಾರೆ. ಆದರೆ ಬಾಕ್ಸ್ ಸ್ಕೋರಿನಲ್ಲಿ ಎರರ್ ಬಿದ್ದಿದ್ದು ಕೊನೆಯ ಬೋಲ್ಟಿಗೆ.

22 ಸೀಸನ್, 2,715 ಹಿಟ್, 1980ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ. ಇಷ್ಟೆಲ್ಲ ಇದ್ದ ಮನುಷ್ಯನ ಹೆಸರು ಹೇಳಿದ್ರೆ ಜನಕ್ಕೆ ನೆನಪಾಗೋದು ಆ ಎರಡು ಸೆಕೆಂಡ್. ಆ ಬಾಲನ್ನು 1992ರಲ್ಲಿ ನಟ ಚಾರ್ಲಿ ಶೀನ್ 93,500 ಡಾಲರ್ ಕೊಟ್ಟು ಹರಾಜಿನಲ್ಲಿ ತಗೊಂಡ. ಬಕ್ನರ್ ಕುಟುಂಬ ಸಮೇತ ಬಾಸ್ಟನ್ನಿಂದ ದೂರ, ಐಡಾಹೊ ರಾಜ್ಯಕ್ಕೆ ಹೋಗಿ ನೆಲೆಸಿದ. ಬಾಸ್ಟನ್ 2004ರಲ್ಲಿ ಕೊನೆಗೂ ಗೆದ್ದಿತು, 2007ರಲ್ಲಿ ಮತ್ತೆ ಗೆದ್ದಿತು. 2008ರ ಏಪ್ರಿಲ್ 8ರಂದು ತವರು ಮೈದಾನದ ಮೊದಲ ಮ್ಯಾಚಿಗೆ ಮೊದಲ ಬಾಲ್ ಎಸೆಯೋಕೆ ಬಕ್ನರ್‌ನನ್ನು ಕರೆದ್ರು. ಜನ ಎದ್ದು ನಿಂತು ಚಪ್ಪಾಳೆ ತಟ್ತಾನೇ ಇದ್ರು, ಅವನು ಕಣ್ಣೊರೆಸ್ಕೊಂಡ. ಆ ವಿಡಿಯೋ ಯೂಟ್ಯೂಬಿನಲ್ಲಿದೆ, ನೋಡಿ. ನಮಗೆ ಮಾತ್ರ ಒಂದು ಅನುಮಾನ ಹೋಗಿಲ್ಲ: ಬಾಸ್ಟನ್ ಗೆಲ್ಲದೇ ಇದ್ದಿದ್ರೆ ಕರೀತಿದ್ರಾ? ಇದಕ್ಕಿಂತ ನಮಗೆ ಇಷ್ಟವಾಗಿದ್ದು ಇನ್ನೊಂದು ಸಂಗತಿ. ಬಾಲ್ ಹೊಡೆದ ಮೂಕಿ ವಿಲ್ಸನ್, ಬಿಟ್ಟ ಬಕ್ನರ್ ಆಮೇಲೆ ಸ್ನೇಹಿತರಾದ್ರು. ಆ ಕ್ಷಣದ ಫೋಟೋಗೆ ಇಬ್ಬರೂ ಅಕ್ಕಪಕ್ಕ ಕೂತು ಸಹಿ ಹಾಕಿ ಮಾರ್ತಿದ್ರು! ಬಕ್ನರ್ 2019ರಲ್ಲಿ ತೀರಿಕೊಂಡ.

ಮಧ್ಯದಲ್ಲಿ ಹಾರ್ವಿ ಹ್ಯಾಡಿಕ್ಸ್ ಹೆಸರು ಹೇಳದೆ ಮುಂದೆ ಹೋಗೋಕಾಗಲ್ಲ. ಪರ್ಫೆಕ್ಟ್ ಗೇಮ್ ಅಂದ್ರೆ ಎದುರಾಳಿ ತಂಡದ 27 ಜನ ಬಂದು 27 ಜನವೂ ಔಟ್, ಒಬ್ಬನೂ ಫಸ್ಟ್ ಬೇಸನ್ನೇ ಸೇರದ ಮ್ಯಾಚ್. 1959ರ ಮೇ 26ರಂದು ಮಿಲ್ವಾಕಿಯಲ್ಲಿ ಪಿಟ್ಸ್‌ಬರ್ಗಿನ ಹ್ಯಾಡಿಕ್ಸ್ 27 ಅಲ್ಲ, 36 ಜನರನ್ನು ಸಾಲಾಗಿ ಔಟ್ ಮಾಡಿದ. ಆದ್ರೆ ಅವನ ತಂಡದವರೂ ಒಂದೂ ರನ್ ಮಾಡಲಿಲ್ಲ, ಮ್ಯಾಚ್ ಮುಗೀಲೇ ಇಲ್ಲ. ಹದಿಮೂರನೇ ಸರದಿಯಲ್ಲಿ ಸ್ವಂತ ತಂಡದ ಫೀಲ್ಡರ್ ಒಬ್ಬ ತಪ್ಪಾಗಿ ಎಸೆದ. ಎರರ್. ಅಲ್ಲಿಂದ ದಾರ ಬಿಚ್ಚಿ ಹ್ಯಾಡಿಕ್ಸ್ 1-0ರಿಂದ ಸೋತ. ಗ್ರೂಪ್ ಪ್ರಾಜೆಕ್ಟ್ ಮಾಡಿದ ಯಾರಿಗಾದರೂ ಈ ಮನುಷ್ಯನ ಫೋಟೋ ಗೋಡೆಗೆ ಹಾಕ್ಕೋಬೇಕು ಅನ್ಸುತ್ತೆ.

ಈಗ ನಮ್ಮನ್ನು ನಿಜವಾಗಿ ಕಾಡಿದ ಕಥೆ.

2010ರ ಜೂನ್ 2, ಡೆಟ್ರಾಯ್ಟಿನ ಕೊಮೆರಿಕಾ ಪಾರ್ಕ್. ಅಷ್ಟು ದೊಡ್ಡ ಇತಿಹಾಸದಲ್ಲಿ ಅಲ್ಲಿಯವರೆಗೆ ಆಗಿದ್ದ ಪರ್ಫೆಕ್ಟ್ ಗೇಮ್‌ಗಳು ಬರೀ 20. ವೆನೆಜುವೆಲಾದ ಅರ್ಮಾಂಡೊ ಗಲಾರಾಗ ಡೆಟ್ರಾಯ್ಟ್ ಟೈಗರ್ಸ್ ಪಿಚರ್. ದೊಡ್ಡ ಸ್ಟಾರ್ ಅಲ್ಲ. ಆ ಸೀಸನ್ ಶುರುವಿನಲ್ಲಿ ಕೆಳಗಿನ ಲೀಗಿನಲ್ಲಿದ್ದು, ಮೇ ತಿಂಗಳಲ್ಲಷ್ಟೇ ಮೇಲೆ ಬಂದಿದ್ದ. ಅವತ್ತು ಕ್ಲೀವ್‌ಲ್ಯಾಂಡ್ ತಂಡದ 26 ಜನರನ್ನು ಸಾಲಾಗಿ ಔಟ್ ಮಾಡಿದ. ಒಂಬತ್ತನೇ ಸರದಿಯ ಮೊದಲ ಬಾಲ್ ದೂರ ಹೋಗಿತ್ತು, ಆಸ್ಟಿನ್ ಜಾಕ್ಸನ್ ಬೆನ್ನು ತಿರುಗಿಸಿಕೊಂಡೇ ಓಡಿ ಹಿಡಿದ. ಇನ್ನು ಒಬ್ಬ.

27ನೆಯವನು ಜೇಸನ್ ಡೊನಾಲ್ಡ್. ಬಾಲ್ ಫಸ್ಟ್ ಮತ್ತು ಸೆಕೆಂಡ್ ಮಧ್ಯೆ ನೆಲಕ್ಕೆ ಬಿತ್ತು. ಫಸ್ಟ್ ಬೇಸ್‌ಮನ್ ಮಿಗೆಲ್ ಕಬ್ರೆರಾ ಓಡಿ ಹಿಡಿದು ಎಸೆದ, ಗಲಾರಾಗ ಫಸ್ಟ್ ಬೇಸಿಗೆ ಓಡಿ ಬಂದು ಹಿಡಿದ. ಕಾಲು ಬೇಸಿನ ಮೇಲೆ, ಬಾಲ್ ಗ್ಲೌಸಿನಲ್ಲಿ, ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ದೂರ. ಔಟ್. ಟಿವಿ ನೋಡ್ತಿದ್ದವರಿಗೆ ಗೊತ್ತು, ಸ್ಟೇಡಿಯಮ್ಮಿನಲ್ಲಿದ್ದವರಿಗೆ ಗೊತ್ತು. ಫಸ್ಟ್ ಬೇಸ್ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿದ. ಸೇಫ್.

ಗಲಾರಾಗ ಏನು ಮಾಡಿದ ಅಂತ ಊಹಿಸಿ. ನಗ್ತಾನೆ. ವ್ಯಂಗ್ಯದ ನಗು ಅಲ್ಲ, ಏನು ಹೇಳ್ತಾ ಇದೀರ ಅನ್ನೋ ಥರ ಒಂದು ಸಣ್ಣ ನಗು. ತಿರುಗಿ ಪಿಚ್ ಮಾಡೋ ಜಾಗಕ್ಕೆ ಹೋದ. ಸುತ್ತ ತಂಡದವರು, ಮ್ಯಾನೇಜರ್ ಎಲ್ಲ ಜಾಯ್ಸ್ ಮೇಲೆ ಕೂಗಾಡ್ತಾ ಇದ್ದಾರೆ, ಇವನು ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ 3-0ರಿಂದ ಮ್ಯಾಚ್ ಮುಗಿಸಿದ. ಒಟ್ಟು 88 ಬಾಲ್. ಆಗ ರೀಪ್ಲೇ ನೋಡಿ ತೀರ್ಪು ಬದಲಿಸೋ ಅವಕಾಶ ಇದ್ದಿದ್ದು ಹೋಮ್ ರನ್ ವಿಷಯಕ್ಕೆ ಮಾತ್ರ. ನಮ್ಮಲ್ಲಿ ಡಿಆರ್‌ಎಸ್ ಆಗಲೇ ಶುರುವಾಗಿತ್ತು, ಅಲ್ಲಿ ಇಂಥ ನಿರ್ಧಾರಗಳಿಗೆ ರೀಪ್ಲೇ ಬಂದಿದ್ದು 2014ರಲ್ಲಿ.

ಜಾಯ್ಸ್ ಹೊಸಬನಲ್ಲ, ಎರಡು ದಶಕಕ್ಕೂ ಹೆಚ್ಚು ಅನುಭವ. ಮ್ಯಾಚ್ ಮುಗಿದ ಮೇಲೆ ಅಂಪೈರ್‌ಗಳ ರೂಮಿನಲ್ಲಿ ರೀಪ್ಲೇ ನೋಡಿದ. ಆಮೇಲೆ ವರದಿಗಾರರ ಮುಂದೆ, ಕೋನ ಸರಿ ಇರಲಿಲ್ಲ, ಕ್ಷಣಾರ್ಧದ ನಿರ್ಧಾರ ಅಂತೆಲ್ಲ ಹೇಳಲಿಲ್ಲ. ನಾನು ತಪ್ಪು ಮಾಡಿದೆ, ಆ ಹುಡುಗನ ಪರ್ಫೆಕ್ಟ್ ಗೇಮ್ ಕಳೆದೆ ಅಂದ. ಗಲಾರಾಗನನ್ನು ಕರೆಸಿ, ಅಳ್ತಾ ಕ್ಷಮೆ ಕೇಳಿದ. ಗಲಾರಾಗ ಅವನನ್ನು ತಬ್ಬಿಕೊಂಡ. ಹೊರಗೆ ಬಂದು, ಯಾರೂ ಪರ್ಫೆಕ್ಟ್ ಅಲ್ಲ ಅಂದ. ಪರ್ಫೆಕ್ಟ್ ಗೇಮ್ ಕಳ್ಕೊಂಡ ಒಂದು ಗಂಟೆಯಲ್ಲಿ!

ಮಾರನೇ ದಿನ ಅದೇ ಮೈದಾನದಲ್ಲಿ ಮತ್ತೆ ಮ್ಯಾಚ್. ಬೇಕಿದ್ರೆ ರಜೆ ತಗೋ ಅಂದ್ರು, ಜಾಯ್ಸ್ ಬೇಡ ಅಂದ. ಅವತ್ತು ಹೋಮ್ ಪ್ಲೇಟ್ ಹಿಂದೆ ನಿಲ್ಲೋ ಸರದಿ ಅವನದೇ. ಮ್ಯಾಚಿಗೆ ಮುಂಚೆ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಬೇಕು. ಟೈಗರ್ಸ್ ಆ ಚೀಟಿಯನ್ನು ಗಲಾರಾಗನ ಕೈಯಲ್ಲಿ ಕಳಿಸಿತು. ಅವನು ನಡ್ಕೊಂಡು ಬಂದು ಚೀಟಿ ಕೊಟ್ಟ, ಕೈ ಕುಲುಕಿದ. ಜಾಯ್ಸ್ ಕಣ್ಣೊರೆಸಿಕೊಂಡು ಅವನ ಬೆನ್ನು ತಟ್ಟಿದ. ಅದೇ ತಿಂಗಳು ಇಎಸ್‌ಪಿಎನ್ ಮ್ಯಾಗಝೀನ್ ನೂರು ಆಟಗಾರರನ್ನು, ಅತ್ಯುತ್ತಮ ಅಂಪೈರ್ ಯಾರು ಅಂತ ಕೇಳಿತು. ಮೊದಲು ಬಂದ ಹೆಸರು ಜಿಮ್ ಜಾಯ್ಸ್. ಎರಡು ವರ್ಷ ಬಿಟ್ಟು, 2012ರ ಆಗಸ್ಟ್‌ನಲ್ಲಿ, ಅರಿಝೋನಾದ ಮೈದಾನಕ್ಕೆ ಡ್ಯೂಟಿಗೆ ಬರ್ತಿದ್ದಾಗ ಅಲ್ಲಿನ ಕೆಲಸದ ಹೆಂಗಸೊಬ್ಬರು ಕುಸಿದು ಬಿದ್ದಿದ್ದು ಕಂಡು, ಸಿಪಿಆರ್ ಮಾಡಿ ಬದುಕಿಸಿದ. ಸಂಜೆ ಹೋಗಿ ಅಂಪೈರಿಂಗ್ ಮಾಡಿದ.

ಲೀಗಿನ ಕಮಿಷನರ್ ಬಡ್ ಸೆಲಿಗ್ ಆ ತೀರ್ಪನ್ನು ಬದಲಿಸಲಿಲ್ಲ. ಅದು ಸರಿಯೋ ತಪ್ಪೋ ಅಂತ ನಮ್ಮ ರೂಮಿನಲ್ಲಿ ಎರಡು ಪಕ್ಷ ಇದೆ. ಬದಲಿಸಬೇಕಿತ್ತು ಅನ್ನೋದು ಒಂದು. ಒಂದನ್ನು ತಿದ್ದಿದ್ರೆ ಮರ್ಕಲ್‌ನಿಂದ ಹಿಡಿದು ಎಲ್ಲವನ್ನೂ ತಿದ್ದಬೇಕಾಗುತ್ತೆ ಅನ್ನೋದು ಇನ್ನೊಂದು. ಎರಡನೆಯದು ‘ಡ್ರಾಪ್’ನ ಪಕ್ಷ, ಆಶ್ಚರ್ಯ ಅಂದ್ರೆ.

ಪ್ರಾಜೆಕ್ಟನ್ನು ಮತ್ತೆ ಸಬ್ಮಿಟ್ ಮಾಡೋಕೆ ಅವಕಾಶ ಸಿಕ್ಕಿತು. ಈ ಸಲ ಇ ಕಾಲಮ್ ಇಟ್ಕೊಂಡ್ವಿ. ಕೀಬೋರ್ಡ್ ಮುಂದೆ ಅವನೇ ಕೂತ. ರಾತ್ರಿ ಎರಡು ಗಂಟೆ ಹೊತ್ತಿಗೆ ಅವನಿಗೆ ಒಂದು ಪ್ರಶ್ನೆ ಬಂತು: ಆ ಜೂನ್ 2ರ ಮ್ಯಾಚಿನಲ್ಲಿ ಟೈಗರ್ಸ್ ಎರರ್ ಎಷ್ಟು? ಬಾಕ್ಸ್ ಸ್ಕೋರ್ ತೆಗೆದು ನೋಡಿದ್ವಿ. ಸೊನ್ನೆ. ಫೀಲ್ಡರ್‌ಗಳು ಯಾರೂ ತಪ್ಪು ಮಾಡಿರಲಿಲ್ಲವಲ್ಲ. ಹಾಗಾದ್ರೆ ಡೊನಾಲ್ಡ್ ಫಸ್ಟ್ ಬೇಸಿಗೆ ಹೇಗೆ ಬಂದ ಅಂತ ಪುಸ್ತಕ ಹೇಳುತ್ತೆ? ಎಚ್ ಕಾಲಮ್ಮಿನಲ್ಲಿ ಒಂದು ಇದೆ. ಹಿಟ್. ಒಳ್ಳೆ ಹೊಡೆತ ಅಂತ.

“ಅಂಪೈರ್ ತಪ್ಪಿಗೆ ಕಾಲಮ್ ಯಾವುದು?” ಅಂತ ಅವನು ಕೇಳಿದ. ಎಲ್ಲ ಟೇಬಲನ್ನೂ ತೆಗೆದು ಹುಡುಕಿದ್ವಿ. ಇರಲಿಲ್ಲ.